ಕೊಡಗಿನ ಹೊಳೆ ದಂಡೆಗೆ ಟ್ರೈಲರ್ ಪ್ರವಾಸ: ಮಕ್ಕಳು ಮತ್ತು ನಾಯಿ ಜೊತೆಗಿದ್ದರೆ

ಕಾರಿನ ಹಿಂದೆ ಮಲಗುವ ಟ್ರೈಲರ್ ಕಟ್ಟಿಕೊಂಡು ಕೊಡಗಿಗೆ ಹೊರಡುವವರು ಗಾಡಿ, ಹಾಸಿಗೆ, ಒಲೆ ಎಲ್ಲ ಹೊಂದಿಸಿಕೊಂಡು ಕೊನೆಗೆ ನಾಯಿಯ ಬಗ್ಗೆ ಯೋಚಿಸುತ್ತಾರೆ. ಆಗಬೇಕಾದ್ದು ಇದಕ್ಕೆ ತಿರುಗುಮುರುಗು. ಯಾವ ತಿಂಗಳು ಹೋಗಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತಿಗೆ ಬಾಗಿಲು ಹಾಕಿಕೊಳ್ಳಬೇಕು ಎನ್ನುವುದನ್ನೆಲ್ಲ ಇಲ್ಲಿ ನಾಯಿಯೇ ತೀರ್ಮಾನಿಸುತ್ತದೆ. ಕಾಡಾನೆ, ಚಿರತೆ, ರಕ್ತ ಹೀರುವ ಉಣ್ಣೆ, ತಂತಿ ಉರುಳು, ಹೊಳೆಯ ಸೆಳವು, ಈ ಐದೂ ಮನುಷ್ಯರಿಗಿಂತ ಮೊದಲು ನಾಯಿಗೇ ಎದುರಾಗುತ್ತವೆ.

ಜಾಗ ಹುಡುಕುವುದು

ಕಾಡಿನೊಳಗೆ ನಾಯಿ ಕರೆದುಕೊಂಡು ಹೋಗಿ ಬೀಡು ಬಿಡುವ ಆಸೆಯನ್ನು ಮೊದಲೇ ಕೈಬಿಡಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಅನುಮತಿಯಿಲ್ಲದೆ ಉಳಿಯುವಂತಿಲ್ಲ, ಸಾಕುನಾಯಿಗಂತೂ ಪ್ರವೇಶವಿಲ್ಲ. ಇದರ ಹಿಂದೆ ಗಟ್ಟಿ ಕಾರಣವಿದೆ. ಊರುನಾಯಿಗಳ ಡಿಸ್ಟೆಂಪರ್, ಪಾರ್ವೊ ರೋಗಗಳು ಸೀಳುನಾಯಿಗಳಿಗೆ ಅಂಟುತ್ತವೆ, ಒಂದು ಹಿಂಡಿಗೆ ತಗುಲಿದರೆ ತಡೆಯುವವರಿಲ್ಲ. ಮೀಸಲು ಅರಣ್ಯಕ್ಕೂ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವಂತಿಲ್ಲ. ದೇವರಕಾಡುಗಳನ್ನು ಊರವರು ಕಟ್ಟುಪಾಡಿನಿಂದ ಕಾಪಾಡಿಕೊಂಡು ಬಂದಿದ್ದಾರೆ, ಅದರ ಅಂಚಿನಲ್ಲೂ ಒಲೆ ಹೂಡಬೇಡಿ. ‘ಇದು ಪೈಸಾರಿ (ಸರ್ಕಾರಿ) ಜಾಗ, ಯಾರೂ ಕೇಳಲ್ಲ’ ಎಂದು ದಾರಿಹೋಕರು ತೋರಿಸಿದ ಬಯಲೂ ಬೇಡ. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಯಾರಾದರೂ ಬಂದೇ ಬರುತ್ತಾರೆ.

ಉಳಿಯುವುದು ಹೊಳೆಗೆ ತಾಗಿದ ಖಾಸಗಿ ಕಾಫಿ ತೋಟ ಅಥವಾ ಹೋಮ್‌ಸ್ಟೇ ಜಾಗ. ಮೂರ್ನಾಡು, ಬೇತ್ರಿ, ಸಿದ್ದಾಪುರ, ನೆಲ್ಯಹುದಿಕೇರಿ, ವಾಲ್ನೂರು ಕಡೆ ಕಾವೇರಿ ಸ್ವಲ್ಪ ಸಮತಟ್ಟಾಗಿ ಹರಿಯುವುದರಿಂದ ಟ್ರೈಲರ್ ನಿಲ್ಲಿಸುವಂಥ ನೆಲ ಸಿಗುತ್ತದೆ. ಭಾಗಮಂಡಲ, ಕಕ್ಕಬ್ಬೆ ಕಡೆಯ ಹೊಳೆಗಳು ಇನ್ನೂ ಚೆಂದ. ಆದರೆ ರಸ್ತೆ ಕಿರಿದು, ತಿರುವು ಕಡಿದು, ಎದುರಿಗೆ ಬಸ್ಸು ಬಂದರೆ ಟ್ರೈಲರ್ ಹಿಂದಕ್ಕೆ ತೆಗೆಯಲು ಜಾಗವಿರುವುದಿಲ್ಲ. ಅತ್ತ ಹೋಗುವುದಾದರೆ ಟೆಂಟ್ ಸಾಕು. ಸಿದ್ದಾಪುರದ ಸುತ್ತಮುತ್ತ ಕಾಡಾನೆ ಹಾವಳಿ ಹೆಚ್ಚು, ಅದನ್ನು ತಿಳಿದೇ ಜಾಗ ಗೊತ್ತು ಮಾಡಿ.

ಮಾಲೀಕರಿಗಿಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಮಾತಾಡಿದರೆ ಸರಿಯಾದ ಮಾಹಿತಿ ಸಿಗುತ್ತದೆ, ರಾತ್ರಿ ಯಾವ ಬೇಲಿ ಮುರಿದಿದೆ ಎಂದು ಗೊತ್ತಿರುವುದು ಅವರಿಗೆ. ಫೋನಿನಲ್ಲೇ ಇಷ್ಟು ಕೇಳಿ:

- ಈ ವಾರ ಆನೆ ಬಂದಿತ್ತೇ? ಹೊಳೆ ದಾಟುವುದು ಎಲ್ಲಿ?
- ಗೇಟಿನ ಅಗಲ ಎಷ್ಟು? ಟ್ರೈಲರ್ ಅಗಲ ಆರೂವರೆ ಅಡಿಯಾದರೆ ಗೇಟು ಎಂಟೂವರೆ ಅಡಿಗೆ ಕಡಿಮೆ ಇರಬಾರದು, ತಿರುವಿನಲ್ಲಿದ್ದರೆ ಹತ್ತು ಬೇಕು.
- ಗೇಟಿನಿಂದ ಜಾಗದವರೆಗೆ ಲಾರಿ ಹೋಗುತ್ತದೆಯೇ, ಬರೀ ಜೀಪೇ? ‘ಜೀಪ್ ಹೋಗುತ್ತೆ’ ಎಂದರೆ ಟ್ರೈಲರ್ ಹೋಗುವುದಿಲ್ಲ ಎಂದು ತಿಳಿಯಿರಿ.
- ತೋಟದಲ್ಲಿ ನಾಯಿ ಎಷ್ಟಿವೆ, ಬಿಟ್ಟಿರುತ್ತಾರೆಯೇ?
- ಯಾವ ದಿನ ಔಷಧಿ ಹೊಡೆಯುತ್ತಾರೆ?

ಕೊನೆಯ ಪ್ರಶ್ನೆ ಮುಖ್ಯ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಡ್ರಮ್ಮಿನ ಪಕ್ಕ ನಿಂತ ನೀಲಿ ನೀರನ್ನು ನಾಯಿ ನೆಕ್ಕಿದರೆ ವಾಂತಿ ಶುರುವಾಗುತ್ತದೆ, ಹೆಚ್ಚು ಕುಡಿದರೆ ಜೀವಕ್ಕೇ ಅಪಾಯ.

ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೈಲರ್ ಮನೆಯಲ್ಲೇ ಇರಲಿ. ಮಣ್ಣು ಕುಸಿಯುತ್ತದೆ, ಹೊಳೆ ದಂಡೆ ಮೀರುತ್ತದೆ. 2018ರ ಆಗಸ್ಟ್‌ನ ಭೂಕುಸಿತವನ್ನು ಈ ಜಿಲ್ಲೆ ಮರೆತಿಲ್ಲ. ಅಕ್ಟೋಬರ್‌ನಲ್ಲಿ ಇಂಬಳ, ಅಂದರೆ ಜಿಗಣೆ, ಇನ್ನೂ ಇರುತ್ತವೆ, ತುಲಾ ಸಂಕ್ರಮಣದ ಹೊತ್ತಿಗೆ ತಲಕಾವೇರಿ ರಸ್ತೆಯಲ್ಲಿ ಜನಸಂದಣಿ. ನವೆಂಬರ್ ನಡುವಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆದರೆ ಅದೇ ಕಾಫಿ ಕುಯ್ಲಿನ ಕಾಲವೂ ಹೌದು, ಅರೇಬಿಕಾ ಮೊದಲು, ರೊಬಸ್ಟಾ ನಂತರ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅಂದರೆ ಪಲ್ಪರ್, ನಡೆಯುವ ತೋಟದ ಕೆಳಭಾಗದಲ್ಲಿ ತೋಡಿನ ನೀರು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೆಯುತ್ತಿದ್ದರೆ ಆ ನೀರಿಗೆ ಮಕ್ಕಳನ್ನೂ ನಾಯಿಯನ್ನೂ ಇಳಿಸಬೇಡಿ. ಪಲ್ಪರ್‌ಗಿಂತ ಮೇಲಿನ ಜಾಗ ಕೇಳಿ.

ಮಾರ್ಚ್ ನಂತರ ಕಾಫಿ ಹೂ ಅರಳಿಸುವ ಹೂಮಳೆ ಗುಡುಗು ಸಮೇತ ಬರುತ್ತದೆ. ಬೇಸಿಗೆ ಬಲಿತಂತೆ ಕಾಡಿನ ಕೆರೆಕಟ್ಟೆ ಬತ್ತಿ ಆನೆಗಳು ಹೊಳೆಗೇ ಬರುತ್ತವೆ, ಏಪ್ರಿಲ್ ಮೇ ಹೊತ್ತಿಗೆ ತೋಟದ ಹಲಸು ಹಣ್ಣಾಗುತ್ತದೆ. ನಾಯಿ ಇದ್ದವರಿಗೆ ಆ ತಿಂಗಳುಗಳು ಬೇಡ.

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸುವುದು ವಾಡಿಕೆ, ಪಟಾಕಿಯೂ ಇರುತ್ತದೆ. ಸದ್ದಿಗೆ ಬೆದರುವ ನಾಯಿಯಾದರೆ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರುವ ಆ ದಿನವನ್ನು ಪಂಚಾಂಗ ನೋಡಿ ತಪ್ಪಿಸಿ.

ಟ್ರೈಲರ್ ಸಿದ್ಧತೆ

ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ, ನಂಬರ್ ಪ್ಲೇಟ್, ವಿಮೆ ಬೇಕು, ಕಾಗದಪತ್ರ ಕಾರಿನಲ್ಲಿರಲಿ. ಚಲಿಸುವಾಗ ಟ್ರೈಲರ್ ಒಳಗೆ ಮನುಷ್ಯರಾಗಲಿ ನಾಯಿಯಾಗಲಿ ಇರಬಾರದು.

ಅಪಘಾತಗಳ ಬೇರು ಹೆಚ್ಚಾಗಿ ಭಾರ ಹಂಚಿಕೆಯಲ್ಲಿರುತ್ತದೆ. ಕಾರಿನ ಹಿಂಬದಿಯಲ್ಲಿ ಟ್ರೈಲರ್ ಸಿಕ್ಕಿಸುವ ಗುಂಡು, ಅಂದರೆ ಹಿಚ್ ಬಾಲ್, ಅದರ ಮೇಲೆ ಬೀಳುವ ಭಾರ ಟ್ರೈಲರ್‌ನ ಒಟ್ಟು ತೂಕದ ಶೇ 10ರಿಂದ 15 ಇರಬೇಕು. ತುಂಬಿದ ಟ್ರೈಲರ್ 750 ಕೆ.ಜಿ. ಇದ್ದರೆ ಅದು 75ರಿಂದ 110 ಕೆ.ಜಿ. ಅಳೆಯಲು ಮನೆಯ ತೂಕದ ಯಂತ್ರ ಸಾಕು. ಸಮತಟ್ಟು ನೆಲದಲ್ಲಿ ಗಾಲಿಗೆ ಅಡ್ಡಗಟ್ಟೆ ಕೊಟ್ಟು, ಯಂತ್ರದ ಮೇಲೊಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಕಪ್ಲರನ್ನು (ಹಿಚ್ ಬಾಲ್ ಮೇಲೆ ಕೂರುವ ಟ್ರೈಲರ್ ಮೂತಿ) ಹಿಚ್ ಎತ್ತರಕ್ಕೇ ಬರುವಂತೆ ಅದರ ಮೇಲೆ ಇಳಿಸಿ ನೋಡಿ. ಕಡಿಮೆ ಬಂದರೆ ಭಾರವಾದ ಸಾಮಾನು, ಅಂದರೆ ಬ್ಯಾಟರಿ, ಅಕ್ಕಿ ಡಬ್ಬ, ಸಿಲಿಂಡರ್, ಆಕ್ಸಲ್‌ನ ಮುಂದಕ್ಕೆ ಬರಲಿ. ಹಿಂಬದಿ ಭಾರವಾದರೆ ಟ್ರೈಲರ್ 60 ಕಿ.ಮೀ. ವೇಗ ದಾಟುತ್ತಲೇ ಅತ್ತಿತ್ತ ಬಾಲ ಆಡಿಸಲು ಶುರುಮಾಡುತ್ತದೆ. ಹಾಗಾದಾಗ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಬ್ರೇಕ್ ಕಂಟ್ರೋಲರ್ ಇದ್ದರೆ ಟ್ರೈಲರ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಿ. ನಿಂತ ಮೇಲೆ ಸಾಮಾನು ಬದಲಿಸಿ, ಹಾಗೇ ಮುಂದುವರಿಯಬೇಡಿ.

ನೀರಿನ ಟ್ಯಾಂಕ್ ಖಾಲಿಯಾಗಿಯೇ ಬರಲಿ. 60 ಲೀಟರ್ ಎಂದರೆ 60 ಕೆ.ಜಿ., ಅರ್ಧ ತುಂಬಿದ್ದರೆ ತುಳುಕಿ ಇನ್ನೂ ತೊಂದರೆ. ತೋಟದ ಬಾವಿಯಲ್ಲೋ ಬೋರ್‌ವೆಲ್‌ನಲ್ಲೋ ತುಂಬಿಸಿಕೊಂಡರಾಯಿತು.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕಂಕಿ ನೋಡಿ, 2319 ಎಂದಿದ್ದರೆ 2019ರ 23ನೇ ವಾರದ ಟೈರು. ಟ್ರೈಲರ್ ಟೈರು ಸವೆಯುವುದಕ್ಕಿಂತ ಮೊದಲು ನಿಂತೇ ಬಿರುಕು ಬಿಡುತ್ತದೆ, ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೆರೆ ಎಷ್ಟೇ ಆಳವಿರಲಿ ಬದಲಿಸಿ. ಸುರಕ್ಷತಾ ಚೈನುಗಳನ್ನು ಹಿಚ್ ಕೆಳಗೆ ಕತ್ತರಿಯಾಕಾರದಲ್ಲಿ ಸಿಕ್ಕಿಸಿ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಚೈನಿನ ಮೇಲೆ ಕೂರುತ್ತದೆ. ಹೊರಟ 30 ಕಿ.ಮೀ. ನಂತರ ನಿಂತು ಎರಡೂ ಗಾಲಿಯ ನಡುವಿನ ಹಬ್ ಹತ್ತಿರ ಅಂಗೈ ಹಿಡಿಯಿರಿ. ಒಂದು ಬೆಚ್ಚಗಿದ್ದು ಇನ್ನೊಂದು ಕೈ ಸುಡುವಂತಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಮೈಸೂರಲ್ಲೇ ಸರಿಮಾಡಿಸಿ, ಘಟ್ಟಕ್ಕೆ ತರಬೇಡಿ.

ದಾರಿ

ಬೆಂಗಳೂರು, ಮೈಸೂರಿನಿಂದ ಬರುವವರಿಗೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರದ ದಾರಿ ಟ್ರೈಲರ್‌ಗೆ ಸುಲಭ. ಸಾಮಾನು, ನೀರು, ಡೀಸೆಲ್ ಕುಶಾಲನಗರದಲ್ಲೇ ಮುಗಿಸಿಕೊಳ್ಳಿ. ನಾಗರಹೊಳೆ ಮೂಲಕ ಕುಟ್ಟಕ್ಕೆ ಹೋಗುವ ಕಾಡುದಾರಿ ಬೇಡ, ಸಂಜೆಗೆ ಗೇಟು ಬೀಳುತ್ತದೆ, ನಡುವೆ ನಿಲ್ಲುವಂತಿಲ್ಲ, ನಾಯಿಗೆ ಮೂತ್ರಕ್ಕೂ ಇಳಿಸುವಂತಿಲ್ಲ. ಮಂಗಳೂರು ಕಡೆಯವರು ಸಂಪಾಜೆ ಘಟ್ಟ ಹತ್ತುವಾಗ ಎಂಜಿನ್ ಬಿಸಿ ಮೇಲೆ ಕಣ್ಣಿಡಿ. ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಒತ್ತಿ ಹಿಡಿದೇ ಇದ್ದರೆ ಕಾದು ಹಿಡಿತ ತಪ್ಪುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು.

ನಾಯಿಗೆ ಹೊರಡುವ ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ಘಟ್ಟದ ತಿರುವಿನಲ್ಲಿ ಹೊಟ್ಟೆ ತುಂಬಿದ ನಾಯಿ ವಾಂತಿ ಮಾಡದೆ ಇರುವುದು ಅಪರೂಪ. ಹಿಂದಿನ ಸೀಟಿನಲ್ಲಿ ಎದೆಪಟ್ಟಿಗೆ ಸೀಟ್ ಬೆಲ್ಟ್ ಕೊಂಡಿ ಹಾಕಿ, ಕತ್ತಿನ ಪಟ್ಟಿಗೆ ಬೇಡ. ಎರಡು ಗಂಟೆಗೊಮ್ಮೆ ಇಳಿಸಿ ನೀರು ಕೊಡಿ. ತೋಟಕ್ಕೆ ಮಧ್ಯಾಹ್ನ ಮೂರರೊಳಗೆ ತಲುಪುವಂತೆ ಲೆಕ್ಕ ಹಾಕಿ. ಚಳಿಗಾಲದಲ್ಲಿ ಆರೂಕಾಲಕ್ಕೆಲ್ಲ ತೋಟದ ಮರದಡಿ ಕತ್ತಲೆ.

ನಿಲ್ಲಿಸುವುದು

ಗೇಟಿನಲ್ಲೇ ಕಾರು ನಿಲ್ಲಿಸಿ ಜಾಗದವರೆಗೆ ನಡೆದು ಬನ್ನಿ. ಕಣ್ಣು ಕೆಳಗಷ್ಟೇ ಅಲ್ಲ, ಮೇಲೂ ಇರಲಿ. ಜೋತ ಕರೆಂಟ್ ತಂತಿ, ಸಿಲ್ವರ್ ಓಕ್ ಕೊಂಬೆ, ಮೆಣಸಿನ ಬಳ್ಳಿಗೆ ಒರಗಿಸಿದ ಏಣಿ, ಎಲ್ಲವೂ ಟ್ರೈಲರ್ ನೆತ್ತಿಗೆ ತಾಗುವಂಥವೇ. ಒಣ ಕೊಂಬೆಯ ಮರದ ಕೆಳಗೆ, ಹಲಸಿನ ಮರದ ಹತ್ತಿರ ಬೇಡ. ಆನೆ ಲದ್ದಿ, ಮುರಿದ ಬಾಳೆ, ಆಳೆತ್ತರಕ್ಕೆ ಕೆಸರು ಉಜ್ಜಿದ ಮರದ ಬೊಡ್ಡೆ ಕಂಡರೆ ಅದು ಅವುಗಳ ದಾರಿ, ಬೇರೆ ಜಾಗ ತೋರಿಸಲು ಕೇಳಿ.

ಹೊಳೆಯಿಂದ ಎಷ್ಟು ದೂರ? ಅಡಿ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಮುಖ್ಯ. ದಂಡೆಯ ಬಿದಿರು ಮೆಳೆ, ಅತ್ತಿ ಕೊಂಬೆಗಳನ್ನು ಗಮನಿಸಿ ನೋಡಿ. ಒಣಹುಲ್ಲು, ಬೇರು, ಹರಿದ ಪ್ಲಾಸ್ಟಿಕ್ ಚೀಲ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಕೆಲವೆಡೆ ನಿಮ್ಮ ತಲೆಗಿಂತ ಮೇಲೆಯೇ ಇರುತ್ತದೆ ಆ ಗೆರೆ. ಕಳೆದ ಮಳೆಗಾಲದ ನೀರು ಬಂದು ನಿಂತದ್ದು ಅಲ್ಲಿಯವರೆಗೆ. ಟ್ರೈಲರ್ ಗಾಲಿ ಆ ಗೆರೆಗಿಂತ ಮೇಲಿರಲಿ.

ಹಿಂದಕ್ಕೆ ತೆಗೆಯುವಾಗ ಕೈ ಸ್ಟೇರಿಂಗ್‌ನ ತಳದಲ್ಲಿರಲಿ. ಟ್ರೈಲರ್ ಹಿಂಭಾಗ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿ, ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕೆಳಗೆ ನಿಂತು ದಾರಿ ತೋರುವವರು ಒಬ್ಬರೇ ಇರಲಿ, ಮೂವರು ಕೂಗಿದರೆ ಕಾಫಿ ಗಿಡ ಹೋಗುತ್ತದೆ. ಈ ಹೊತ್ತಿನಲ್ಲಿ ನಾಯಿ ಮತ್ತು ಸಣ್ಣ ಮಕ್ಕಳು ಕಾರಿನೊಳಗೇ ಇರಬೇಕು. ಆಮೇಲೆ ಈ ಕ್ರಮ:

1. ಎಡಬಲ ಮಟ್ಟ ನೋಡಿ. ತಗ್ಗಿದ ಬದಿಯ ಗಾಲಿಯ ಕೆಳಗೆ ಹಲಗೆ ಇಟ್ಟು ಅದರ ಮೇಲೆ ಹತ್ತಿಸಿ. ಇದು ಹಿಚ್ ಕಳಚುವ ಮೊದಲೇ ಆಗಬೇಕು.
2. ಎರಡೂ ಗಾಲಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ, ಕೈಬ್ರೇಕ್ ಎಳೆಯಿರಿ.
3. ಜಾಕಿ ಗಾಲಿ ಇಳಿಸಿ, ವೈರು, ಚೈನು ಬಿಚ್ಚಿ, ಕಪ್ಲರ್ ಎತ್ತಿ.
4. ಜಾಕಿಯಿಂದ ಮೂತಿ ಏರಿಸಿ ಇಳಿಸಿ ಉದ್ದದ ಮಟ್ಟ ಸರಿಮಾಡಿ.
5. ಕೊನೆಗೆ ನಾಲ್ಕು ಮೂಲೆಯ ಊರುಗಾಲುಗಳನ್ನು ನೆಲಕ್ಕೆ ತಾಗಿಸಿ. ಅವು ಅಲುಗಾಟ ತಡೆಯಲಿಕ್ಕೆ ಮಾತ್ರ, ಅವುಗಳಿಂದ ಗಾಡಿ ಎತ್ತಲು ಹೋದರೆ ಚಾಸಿಸ್ ಬಾಗಿ ಬಾಗಿಲು ಹಾಕಿಕೊಳ್ಳದು.

ಕಾರಿನ ಮೂತಿ ಗೇಟಿನ ಕಡೆಗಿರಲಿ, ಕೀಲಿ ಎಲ್ಲಿದೆಯೆಂದು ದೊಡ್ಡವರಿಬ್ಬರಿಗೂ ಗೊತ್ತಿರಲಿ.

ಕರೆಂಟ್, ನೀರು, ಗ್ಯಾಸ್

ಟ್ರೈಲರ್ ಚಾವಣಿಯ ಸೋಲಾರ್ ಹಲಗೆ ಕಾಫಿ ತೋಟದಲ್ಲಿ ಅಲಂಕಾರಕ್ಕೆ ಮಾತ್ರ, ನೆರಳುಮರಗಳು ಬಿಸಿಲು ಬಿಡುವುದಿಲ್ಲ. ಬ್ಯಾಟರಿ ಲೆಕ್ಕದಲ್ಲೇ ಬದುಕಿ. ಸಣ್ಣ ಕಂಪ್ರೆಸರ್ ಫ್ರಿಜ್‌ಗೆ ದಿನಕ್ಕೆ ಸುಮಾರು 400ರಿಂದ 500 ವ್ಯಾಟ್‌-ಅವರ್, ದೀಪ, ಪಂಪು, ಫೋನಿಗೆ ಇನ್ನೊಂದು 120. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಸುಮಾರು 1,280 ವ್ಯಾಟ್‌-ಅವರ್ ಹಿಡಿಯುವುದರಿಂದ ಎರಡು ರಾತ್ರಿ ನಡೆಯುತ್ತದೆ. ಅದೇ ಅಳತೆಯ ಸೀಸದ ಬ್ಯಾಟರಿಯಲ್ಲಿ ಅರ್ಧವಷ್ಟೇ ಬಳಸಬಹುದು.

ನಾಲ್ವರಿಗೆ ಕುಡಿಯಲು 12 ಲೀಟರ್, ಅಡುಗೆಗೆ 8, ತೊಳೆಯಲು 15, ಇಪ್ಪತ್ತು ಕೆ.ಜಿ. ನಾಯಿಗೆ ಒಂದೂವರೆ. ದಿನಕ್ಕೆ 40 ಲೀಟರ್ ಎಂದಿಟ್ಟುಕೊಳ್ಳಿ. ಹೊಳೆ ನೀರು ಕಣ್ಣಿಗೆ ತಿಳಿಯಾಗಿದ್ದರೂ ಕುದಿಸದೆ ಕುಡಿಯಬೇಡಿ, ನಾಯಿಗೂ ಕೊಡಬೇಡಿ. ಪಾತ್ರೆ ತೊಳೆದ ನೀರನ್ನು ಹೊಳೆಯಿಂದ 200 ಅಡಿ ದೂರ ಚೆಲ್ಲಿ. ಶೌಚದ ಡಬ್ಬವನ್ನು ಮಾಲೀಕರನ್ನು ಕೇಳಿ ಅವರ ಶೌಚಾಲಯದಲ್ಲೇ ಖಾಲಿ ಮಾಡಿ. ಫಾರ್ಮಾಲ್ಡಿಹೈಡ್ ದ್ರಾವಣ ಬಳಸಿದ್ದರೆ ಅವರ ಶೌಚಗುಂಡಿ ಕೆಡುತ್ತದೆ, ಕಿಣ್ವದ ದ್ರಾವಣ ಒಯ್ಯಿರಿ.

5 ಕೆ.ಜಿ. ಸಿಲಿಂಡರ್ ಮೂರು ದಿನಕ್ಕೆ ಧಾರಾಳ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಟ್ರೈಲರ್ ನೆಲದ ಗಾಳಿಕಿಂಡಿಗೆ ಕಾರ್ಪೆಟ್ ಹೊದಿಸಬಾರದು. ಡಿಸೆಂಬರ್ ಚಳಿಗೆ ಕೆಂಡದ ಬಾಣಲೆಯನ್ನು ಒಳಗಿಟ್ಟು ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಎಚ್ಚರವೂ ಆಗುವುದಿಲ್ಲ.

ಹಗಲು, ಹೊಳೆಯಲ್ಲಿ

ಇಳಿಯುವ ಮೊದಲು ನೀರಿನ ಅಂಚಿಗೆ ಒಂದು ಕೋಲು ನೆಡಿ. ಅರ್ಧ ಗಂಟೆಗೊಮ್ಮೆ ನೋಡಿ, ನಾಲ್ಕು ಬೆರಳು ಏರಿದರೆ ಎಲ್ಲರೂ ಮೇಲಕ್ಕೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಬೆಟ್ಟದಲ್ಲಿ ಮಳೆಯಾಗಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಮಣ್ಣು ಬಣ್ಣಕ್ಕೆ ತಿರುಗುವುದು, ಎಲೆಕಡ್ಡಿ ತೇಲಿ ಬರುವುದು ಅದರ ಮುನ್ಸೂಚನೆ. ಹಾರಂಗಿ ಅಣೆಕಟ್ಟಿನ ಕೆಳಗಡೆ ಗೇಟು ತೆರೆದಾಗಲೂ ಹೀಗೇ ಏರುತ್ತದೆ.

ಮಕ್ಕಳಿಗೆ ಲೈಫ್ ಜಾಕೆಟ್, ಮೊಣಕಾಲುದ್ದ ನೀರು. ಬಂಡೆಯ ಕೆಳಗೆ ನೀರು ನಿಶ್ಶಬ್ದವಾಗಿ ಹಸಿರಾಗಿ ಕಂಡರೆ ಅದು ಮಡು, ಅತ್ತ ಹೋಗಲೇಬಾರದು.

ನಾಯಿಗೂ ಲೈಫ್ ಜಾಕೆಟ್ ತೊಡಿಸಿ, ಬೆನ್ನ ಮೇಲೆ ಹಿಡಿಕೆ ಇರುವಂಥದ್ದು. ಅದಕ್ಕೆ ಐದು ಮೀಟರ್ ತೇಲುವ ಹಗ್ಗ, ತುದಿಯಲ್ಲಿ ಕುಣಿಕೆ ಇಲ್ಲದ್ದು. ಕುಣಿಕೆಯಿದ್ದರೆ ಬಂಡೆ ಸಂದಿಗೆ ಸಿಕ್ಕಿ ಸೆಳವು ನಾಯಿಯನ್ನು ಒಳಕ್ಕೆ ಒತ್ತುತ್ತದೆ. ಹಗ್ಗವನ್ನು ಮರಕ್ಕೆ ಕಟ್ಟಬೇಡಿ, ಕೈಯಲ್ಲೇ ಹಿಡಿಯಿರಿ. ಕೋಲು ಎಸೆದು ತರಿಸುವ ಆಟ ಹರಿಯುವ ನೀರಿನಲ್ಲಿ ಬೇಡ. ನಾಯಿ ಕೋಲಿನ ಹಿಂದೆ ಎಲ್ಲಿಯವರೆಗಾದರೂ ಹೋಗುತ್ತದೆ, ಅದರ ಹಿಂದೆ ಮನೆಯವರು ಹಾರುತ್ತಾರೆ.

ತೋಟದಲ್ಲಿ ನಡೆಯುವಾಗ ಹಗ್ಗ ಬಿಚ್ಚಬಾರದು. ಬೇಲಿ ಕಂಡಿಗಳಲ್ಲಿ ಕಾಡುಹಂದಿಗೆ ಒಡ್ಡಿದ ತಂತಿ ಉರುಳು ಇರಬಹುದು, ಕಾನೂನುಬಾಹಿರವಾದರೂ ಅದು ಪೂರ್ತಿ ನಿಂತಿಲ್ಲ. ನಾಯಿ ಸಿಕ್ಕಿಕೊಂಡರೆ ಎಳೆದಷ್ಟೂ ಬಿಗಿಯುತ್ತದೆ. ಮೊದಲು ನಾಯಿಯನ್ನು ತಂತಿ ಕಟ್ಟಿದ ಗೂಟದ ಕಡೆಗೇ ತಳ್ಳಿ ಸಡಿಲ ಮಾಡಿ, ಬಾಯಿಗೆ ಟವೆಲ್ ಸುತ್ತಿ, ಆಮೇಲೆ ತಂತಿ ಕತ್ತರಿಸಿ. ಹಾಗಾಗಿ ಎಂಟು ಇಂಚಿನ ಕಟಿಂಗ್ ಪ್ಲೇಯರ್ ಟ್ರೈಲರ್‌ನಲ್ಲಲ್ಲ, ಜೇಬಿನಲ್ಲಿರಬೇಕು. ಸೋಲಾರ್ ಬೇಲಿಯ ಏಟು ಪ್ರಾಣ ತೆಗೆಯುವುದಿಲ್ಲವಾದರೂ ಬೆದರಿದ ನಾಯಿ ಓಡಿಹೋಗುತ್ತದೆ.

ಕಣದಲ್ಲಿ ಒಣಹಾಕಿದ ಕಾಫಿ ಮೇಲೆ ನಾಯಿ ಓಡಾಡಿದರೆ, ಕಾಲೆತ್ತಿದರೆ ಮಾಲೀಕರ ಮುಖ ಕೆಡುತ್ತದೆ, ಕೆಡಬೇಕಾದ್ದೇ. ಕಾಫಿ ಹಣ್ಣಿನಲ್ಲಿರುವ ಕೆಫೀನ್ ನಾಯಿಗೆ ವಿಷವೂ ಹೌದು. ಲೈನ್‌ಮನೆಗಳ (ತೋಟದ ಕೆಲಸಗಾರರ ಮನೆಸಾಲು) ಕಡೆ ಕೋಳಿ ಬಿಟ್ಟಿರುತ್ತಾರೆ. ನಿಮ್ಮ ನಾಯಿ ಹಿಡಿದರೆ ಚೌಕಾಸಿ ಮಾಡದೆ ದುಡ್ಡು ಕೊಡಿ.

ಸಂಜೆ ಆರರ ನಂತರ

ಅಡುಗೆ ಐದೂವರೆಗೆ ಮುಗಿಯಲಿ. ಅಕ್ಕಿ, ಉಪ್ಪು, ಬಾಳೆಹಣ್ಣು ಕಾರಿನೊಳಗೆ ಮುಚ್ಚಿದ ಡಬ್ಬದಲ್ಲಿರಲಿ. ಅಕ್ಕಿ, ಉಪ್ಪಿನ ವಾಸನೆಗೆ ಮನೆ ಗೋಡೆಯನ್ನೇ ಕೆಡವುವ ಆನೆಗೆ ಟ್ರೈಲರ್ ತಗಡು ಲೆಕ್ಕಕ್ಕಿಲ್ಲ. ಪಂದಿಕರಿ (ಹಂದಿ ಮಾಂಸದ ಸಾರು) ಮಾಡಿದ್ದರೆ ನಾಯಿಗೆ ಒಂದು ತುಂಡೂ ಇಲ್ಲ. ಕೊಬ್ಬಿನಿಂದ ಮೇದೋಜೀರಕ ಗ್ರಂಥಿಗೆ ಉರಿಯೂತ, ಈರುಳ್ಳಿ ಬೆಳ್ಳುಳ್ಳಿಯಿಂದ ರಕ್ತಕ್ಕೆ ಹಾನಿ, ಬೆಂದ ಮೂಳೆಯಿಂದ ಕರುಳಿಗೆ. ಅದಕ್ಕೆ ಮನೆಯ ಊಟವನ್ನೇ ಒಯ್ಯಿರಿ.

ಕತ್ತಲಾದ ಮೇಲೆ ನಾಯಿ ಟ್ರೈಲರ್ ಒಳಗೆ. ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಆನೆ ವಿಷಯದಲ್ಲಿ ಬಿಟ್ಟ ನಾಯಿ ಇನ್ನೂ ಅಪಾಯ: ಬೊಗಳುತ್ತ ಆನೆಯನ್ನು ಕೆಣಕಿ, ಅದು ತಿರುಗಿ ಬಿದ್ದಾಗ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ. ರಾತ್ರಿ ಕೊನೆಯ ಸಲ ಮೂತ್ರಕ್ಕೆ ಬಿಡುವುದು ಎಂಟರೊಳಗೆ, ಬಾಗಿಲಿನಿಂದ ಹತ್ತು ಹೆಜ್ಜೆ, ಮೊದಲು ಟಾರ್ಚ್ ಬೀಸಿ ಸುತ್ತ ನೋಡಿ, ಎರಡಡಿ ಹಗ್ಗದಲ್ಲಿ. ಪಕ್ಕದ ತೋಟದವರು ಆನೆ ಓಡಿಸಲು ಪಟಾಕಿ ಸಿಡಿಸಿದರೆ ಬಾಗಿಲು ತೆರೆಯಬೇಡಿ. ಹತ್ತಿರದಲ್ಲೇ ಕೊಂಬೆ ಮುರಿಯುವ ಸದ್ದು ಕೇಳಿದರೆ ದೀಪ ಆರಿಸಿ, ನಾಯಿಯ ಬಾಯಿಗೆ ಕೈ ಹಿಡಿದು ಸುಮ್ಮನಿದ್ದು, ರೈಟರ್‌ಗೆ ಫೋನ್ ಮಾಡಿ. ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕೆಲವು ಹೊಳೆ ದಂಡೆಯಲ್ಲಿ ಸಿಗ್ನಲ್ ಸಿಗದು, ಎಲ್ಲಿ ಸಿಗುತ್ತದೆಂದು ಹಗಲೇ ನೋಡಿಕೊಳ್ಳಿ.

ಉಣ್ಣೆ ಮತ್ತು ಇಂಬಳ

ರೇಬಿಸ್, ಡಿಸ್ಟೆಂಪರ್, ಪಾರ್ವೊ ಜೊತೆಗೆ ಇಲಿಜ್ವರದ ಲಸಿಕೆಯೂ ಆಗಿರಬೇಕು, ನಿಂತ ನೀರಿನಿಂದ ಬರುವ ರೋಗ ಅದು. ಮೊದಲ ಸಲವಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕಾದ್ದರಿಂದ ಎರಡು ತಿಂಗಳು ಮೊದಲೇ ಶುರುಮಾಡಿ. ಉಣ್ಣೆಗೆ ಫ್ಲುರಲೇನರ್ ಮಾತ್ರೆ ಸುಮಾರು ಹನ್ನೆರಡು ವಾರ, ಅಫೋಕ್ಸೊಲೇನರ್ ಒಂದು ತಿಂಗಳು ಕೆಲಸ ಮಾಡುತ್ತವೆ. ತೂಕಕ್ಕೆ ತಕ್ಕ ಅಳತೆ, ಮೂರ್ಛೆರೋಗ ಇರುವ ನಾಯಿಗೆ ಕೊಡಬಹುದೇ ಎನ್ನುವುದು ವೈದ್ಯರ ಮಾತು. ಮಾತ್ರೆ ಉಣ್ಣೆ ಕಚ್ಚಿದ ಮೇಲೆ ಕೊಲ್ಲುವುದರಿಂದ ಕೈಯಲ್ಲಿ ತಡವಿ ನೋಡುವ ಕೆಲಸ ತಪ್ಪದು. ದಿನಕ್ಕೆ ಎರಡು ಸಲ, ಕಿವಿಯೊಳಗೆ, ಬೆರಳ ಸಂದಿ, ಕಂಕುಳು, ತೊಡೆಸಂದಿ, ಬಾಲದ ಬುಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಇಂಬಳಕ್ಕೆ ಊರಲ್ಲಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತಾರೆ. ನಾಯಿಗೆ ಹಚ್ಚಬೇಡಿ, ನೆಕ್ಕಿದರೆ ನಿಕೋಟಿನ್ ವಿಷವೇರುತ್ತದೆ. ಕಚ್ಚಿದ್ದಕ್ಕೆ ಉಪ್ಪುನೀರು ಸಾಕು. ತೋಡಿನ ನೀರು ಕುಡಿದ ನಾಯಿಯ ಮೂಗಿನೊಳಗೂ ಇಂಬಳ ಸೇರಿಕೊಳ್ಳುವುದುಂಟು. ಒಂದೇ ಹೊಳ್ಳೆಯಲ್ಲಿ ನಿಂತು ನಿಂತು ರಕ್ತ, ಬಿಡದ ಸೀನು ಇದ್ದರೆ ಅದೇ ಅನುಮಾನಿಸಿ, ಚಿಮಟ ಹಾಕದೆ ವೈದ್ಯರಲ್ಲಿಗೆ ಒಯ್ಯಿರಿ. ಮುಳ್ಳುಹಂದಿ ಮುಳ್ಳು ಮುಖಕ್ಕೆ ಚುಚ್ಚಿದ್ದರೂ ಅಷ್ಟೇ, ಅರಿವಳಿಕೆ ಕೊಟ್ಟೇ ತೆಗೆಯಬೇಕು. ಕುಶಾಲನಗರ, ಮಡಿಕೇರಿ, ವಿರಾಜಪೇಟೆಯಲ್ಲಿ ನಿಮಗೆ ಹತ್ತಿರದ ಪಶುವೈದ್ಯರ ಸಂಖ್ಯೆ, ಹಾವಿನ ವಿಷದ ಔಷಧಿ ಅವರಲ್ಲಿದೆಯೇ ಎಂಬುದನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ವಾಪಸಾದ ಮೇಲೆ

ನಾಯಿಯನ್ನು ಮೂರು ವಾರ ಗಮನಿಸಿ. ಊಟ ಬಿಡುವುದು, ಜ್ವರ, ಒಸಡು ಬಿಳಚಿಕೊಳ್ಳುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು, ಇದರಲ್ಲಿ ಒಂದು ಕಂಡರೂ ಉಣ್ಣೆ ಜ್ವರದ ರಕ್ತ ಪರೀಕ್ಷೆ ಅದೇ ದಿನ ಆಗಬೇಕು, ಕೊಡಗಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಟ್ರೈಲರ್ ಹಾಸಿಗೆಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಮೂಲೆಗಳಲ್ಲಿ ಬಿದ್ದ ಉಣ್ಣೆ ಇದೆಯೇ ಎಂದು ನೋಡಿ ಗುಡಿಸಿ. ಗಾಲಿಯ ಹಬ್ ತೋಡು ದಾಟುವಾಗ ನೀರಿಗೆ ಇಳಿದಿದ್ದರೆ ಬೇರಿಂಗ್ ಬಿಚ್ಚಿಸಿ. ಗ್ರೀಸ್ ಹಾಲುಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಪೂರ್ತಿ ಒರೆಸಿ ಹೊಸ ಗ್ರೀಸ್ ತುಂಬಿಸಿ, ಆಯಿಲ್ ಸೀಲ್ ಬದಲಿಸಿ.